‘ನಂದೂ ಐತಿ’ ಅಂದವರು

ಅವರು ತೀರಿಕೊಂಡ ಮೇಲೆ ನಮ್ಮೂರಿನಲ್ಲಿ ನೂಲಿಗೆ ಬಣ್ಣ ಹಾಕುವ ಬಣ್ಣದ ಮನೆಗಳವರ ಸಂಘದಿಂದ ಒಂದು ಶ್ರದ್ಧಾಂಜಲಿ ಸಭೆ ನಡೆಯಿತು. ಸಂಘದ ಅಧ್ಯಕ್ಷರು ಎದ್ದು ನಿಂತು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, ‘ಪರಿಸರಕ್ಕಾಗಿ ಜೀವಾ ಸವೆಸಿದ ತಾಯಿ’ ಎಂದರು. ಸೀರೆ ವ್ಯಾಪಾರ ಮತ್ತು ಹಳ್ಳಿಯ ಜನ ಕೈಕೂಡಿಸಿದರೆ ಏನೆಲ್ಲ ಆಗಬಹುದು ಎಂಬುದಕ್ಕೆ ಅವರ ಬದುಕೇ ಸಾಕ್ಷಿ ಎಂದರು. ನನಗೆ ಕೂತಿರಲು ಆಗಲಿಲ್ಲ. ಹೊರಗೆ ಬಂದು ಚಪ್ಪಲಿ ಹುಡುಕುತ್ತಿದ್ದಾಗ ಒಳಗಿನಿಂದ ಚಪ್ಪಾಳೆ ಕೇಳಿಸಿತು. ಸತ್ತವರ ಸಭೆಯಲ್ಲಿ ಚಪ್ಪಾಳೆ ತಟ್ಟಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವರನ್ನು ನಾನು ವೈನಿ ಎಂದೇ ಕರೆಯುತ್ತಿದ್ದೆ. ಸಂಬಂಧದಿಂದ ಅತ್ತಿಗೆಯಲ್ಲ. ಗಜೇಂದ್ರಗಡದಲ್ಲಿ ನನ್ನ ಮುದ್ರಣಾಲಯದ ಹಿಂದಿನ ಗೋಡೆ ಮತ್ತು ಅವರ ಬಣ್ಣದ ಮನೆಯ ಗೋಡೆ ಒಂದೇ. ಅವರ ಯಜಮಾನರನ್ನು ನಾನು ಅಣ್ಣಾ ಎನ್ನುತ್ತಿದ್ದೆ, ಹಾಗಾಗಿ ಇವರು ವೈನಿ. ನಾನು ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದೆ, ಅವರು ಲಗ್ನದ ಸೀರೆಯ ನೂಲಿಗೆ ಬಣ್ಣ ಕಟ್ಟುತ್ತಿದ್ದರು. ‘ನಮ್ಮಿಬ್ಬರ ಹೊಟ್ಟಿಪಾಡು ಒಂದ ನೋಡ್ರಿ. ಮಂದಿ ಮದಿವಿ ಆಗೂದು ಬಿಟ್ರ ನಾವಿಬ್ಬರೂ ಉಪಾಸ’ ಎಂದು ನಗುತ್ತಿದ್ದರು. ದೊಡ್ಡ ನಗು. ಓಣಿಯ ತುಂಬ ಮಗ್ಗಗಳ ಸದ್ದು, ಅದರ ಮೇಲೆ ಮಾತಾಡಿ ಮಾತಾಡಿ ಅವರ ದನಿಯೂ ದೊಡ್ಡದಾಗಿಬಿಟ್ಟಿತ್ತು. ಗುಟ್ಟಿನ ಮಾತು ಹೇಳಲು ಬಂದರೆ ನನ್ನ ಹೆಂಡತಿ ಮೊದಲು ಕಿಟಕಿ ಮುಚ್ಚಿ ಬರುತ್ತಿದ್ದಳು.

ಅಣ್ಣಾ ಹೃದಯಾಘಾತದಿಂದ ಹೋದಾಗ ಒಬ್ಬಳೇ ಮಗಳು ಇನ್ನೂ ಕಾಲೇಜು ಓದುತ್ತಿದ್ದಳು. ಬಣ್ಣದ ಮನೆ ಮಾರಿ ತವರಿಗೆ, ಸವಡಿಗೆ, ಹೋಗಿರೆಂದು ಎಲ್ಲರೂ ಹೇಳಿದರು. ವೈನಿ ಸೆರಗು ಸೊಂಟಕ್ಕೆ ಸಿಗಿಸಿ ಕೊಪ್ಪರಿಗೆಯ ಮುಂದೆ ನಿಂತರು. ಮಾವನ ಕಾಲದಿಂದ ದುಡಿಯುತ್ತಿದ್ದ ಆಳುಗಳು ಮೊದಮೊದಲು ಮುಖ ಗಂಟಿಕ್ಕಿಕೊಂಡೇ ಕೆಲಸ ಮಾಡಿದರು. ಒಮ್ಮೆ ಒಂದು ಕೊಪ್ಪರಿಗೆಯ ಬಣ್ಣ ಕೆಟ್ಟು ನೂಲಿನ ಲಡಿಗಳೆಲ್ಲ ಪಟ್ಟೆಪಟ್ಟೆಯಾದವು. ಯಾರೂ ಬಾಯಿ ಬಿಡಲಿಲ್ಲ. ವೈನಿ ಬಂದು ನೋಡಿದವರೇ, ‘ಸೋಡಾ ತೂಗಿ ಕೊಟ್ಟಾಕಿ ನಾನು. ಇದರಾಗ ನಂದೂ ಐತಿ. ಈಗ ನಿಮ್ದು ಎಷ್ಟೈತಿ ಹೇಳ್ರಿ’ ಎಂದರು. ಅಂದಿನಿಂದ ಆಳುಗಳು ಅವರಿಗೆ ಹೊಂದಿಕೊಂಡರು.

‘ನಂದೂ ಐತಿ’ ಎಂಬುದು ಅವರ ಚಾಳಿ. ಓಣಿಯ ಗಟಾರ ಕಟ್ಟಿಕೊಂಡರೆ ಮೊದಲು ಸಲಿಕೆ ಹಿಡಿದು ಬರುವವರು ಅವರೇ. ಪಕ್ಕದ ಮನೆಯವರೊಂದಿಗೆ ಜಗಳ ಬಂದರೂ ತಮ್ಮ ತಪ್ಪಿನಿಂದಲೇ ಶುರು ಮಾಡುತ್ತಿದ್ದರು, ಆಮೇಲೆ ಎದುರಿನವರದ್ದಕ್ಕೆ ಬರುತ್ತಿದ್ದರು. ನನ್ನ ಹೆಂಡತಿಗೆ ಇದು ಸೇರುತ್ತಿರಲಿಲ್ಲ.

‘ವೈನಿ, ನೀವು ಮೊದಲ ಒಪ್ಪಿಕೊಂಡು ಬಿಡತೀರಿ. ಮಂದಿ ಅಷ್ಟ ಕೇಳಿಸ್ಕೊಂಡು ಮನಿಗೆ ಹೋಗತಾರ. ಉಳದಿದ್ದು ಯಾರಿಗೂ ಬೇಕಾಗಿರಂಗಿಲ್ಲ.’

‘ಏನ ಮಾಡ್ಲಿ ತಂಗಿ, ಬ್ಯಾರೇ ಕಡಿಂದ ಶುರು ಮಾಡಾಕ ನನಗ ಬರೂದಿಲ್ಲ.’

ಇನ್ನೊಂದು ಚಾಳಿಯೂ ಇತ್ತು. ಸೊಂಟದಲ್ಲಿ ಸದಾ ಒಂದು ಬಿಳಿ ಮಲಮಲ್ ಬಟ್ಟೆಯ ತುಂಡು. ಬಣ್ಣ ಪಕ್ಕಾ ಆಗಿದೆಯೋ ಇಲ್ಲವೋ ನೋಡಲು ಹಸಿ ನೂಲಿಗೆ ಅದನ್ನು ಉಜ್ಜುತ್ತಿದ್ದರು. ಬಟ್ಟೆಗೆ ಬಣ್ಣ ಹತ್ತಿದರೆ ಕಚ್ಚಾ. ಕೆಲಸದಲ್ಲಿ ಮಾಡಿದರೆ ಸರಿ, ಆದರೆ ಲಗ್ನದ ಮನೆಯಲ್ಲೂ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಸಂಘದ ಅಧ್ಯಕ್ಷರ ಮಗಳ ಲಗ್ನದಲ್ಲಿ ಊಟದ ಪಂಕ್ತಿಯಲ್ಲಿ ಅಧ್ಯಕ್ಷರ ಹೆಂಡತಿ ವೈನಿಯ ಪಕ್ಕದಲ್ಲಿ ಕೂತಿದ್ದರು. ಅಧ್ಯಕ್ಷರದು ನಮ್ಮೂರಿನ ದೊಡ್ಡ ಸೀರೆ ಅಂಗಡಿ, ಅವರದೇ ಬಣ್ಣದ ಮನೆಗಳೂ ಇವೆ. ವೈನಿ ಮಾತಾಡುತ್ತ ಆಡುತ್ತ ಆ ಹೆಂಗಸಿನ ಸೆರಗನ್ನು ನೀರಲ್ಲಿ ಅದ್ದಿದ ಬೆರಳಿಂದ ಮುಟ್ಟಿ, ಬಿಳಿ ಬಟ್ಟೆಯಿಂದ ಉಜ್ಜಿ, ಅಷ್ಟು ಮಂದಿಯ ಎದುರಿಗೆ, ‘ಹೇಣ್ತಿಗೂ ಕಚ್ಚಾ ಬಣ್ಣದ್ದ ಉಡಿಸ್ಯಾರಲ್ಲವಾ ನಿಮ್ಮ ಸಾಹುಕಾರ್ರು’ ಎಂದುಬಿಟ್ಟರು. ಪಂಕ್ತಿಯೆಲ್ಲ ನಕ್ಕಿತು. ಬಡಿಸುತ್ತಿದ್ದ ಅಧ್ಯಕ್ಷರೂ ನಕ್ಕರು. ಆ ನಗು ಬೇಗನೆ ಮುಗಿಯಿತು, ಅದನ್ನು ನಾನು ನೋಡಿದೆ.

ಈಗ ಹಳ್ಳದ ಮಾತಿಗೆ ಬರುತ್ತೇನೆ. ಏಕೆಂದರೆ ವೈನಿಯ ಬಾಳು ಕೆಟ್ಟಿದ್ದು ಅಲ್ಲಿಂದ.

ನಮ್ಮ ಓಣಿಯ ಬಣ್ಣದ ಮನೆಗಳ ನೀರೆಲ್ಲ ಗಟಾರದಿಂದ ಹಳ್ಳಕ್ಕೆ ಹೋಗುತ್ತದೆ. ಹಳ್ಳ ಗುಡ್ಡದ ಬುಡ ಬಳಸಿಕೊಂಡು ಕೆಳಗಿನ ಒಂದು ಊರಿನ ಪಕ್ಕ ಹಾಯುತ್ತದೆ. ಆ ಊರಿನ ಹೆಸರು ಬೇಡ. ಅಲ್ಲಿಂದ ಗಂಗವ್ವ ಎಂಬ ಹೆಣ್ಣುಮಗಳು ಸಂತೆಯ ದಿನ ಮೊಸರು ಮಾರಲು ಬರುತ್ತಿದ್ದಳು. ಗಟ್ಟಿ ಮೊಸರು, ಗಡಿಗೆ ಬೋರಲು ಹಾಕಿದರೂ ಬೀಳದು ಎಂದು ವೈನಿ ಹೊಗಳುತ್ತಿದ್ದರು. ಒಂದು ಸಂತೆಗೆ ಗಂಗವ್ವ ಬರಿ ಕೊತ್ತಂಬರಿ, ಮೆಂತ್ಯೆ ಹೊತ್ತು ಬಂದಳು. ವೈನಿ ಗಡಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದರು. ನಾನು ಮುದ್ರಣಾಲಯದ ಕಟ್ಟೆಯ ಮೇಲೆ ಕೂತಿದ್ದೆ.

‘ಮೊಸರ ಎಲ್ಲೆವಾ?’

‘ಎಮ್ಮಿ ಮಾರೀನ್ರಿ ಅಕ್ಕಾರ. ಹಳ್ಳದ ನೀರ ಮೂಸೂದ ಬಿಟ್ಟಿತ್ತು. ಎಷ್ಟಂತ ಬಾವ್ಯಾಗಿಂದ ಹೊತ್ತ ಹಾಕ್ಲಿ?’

‘ಹಳ್ಳಕ್ಕೇನಾತು?’

ಗಂಗವ್ವ ಸೊಪ್ಪಿನ ಕಟ್ಟು ಬಿಚ್ಚುತ್ತ, ಸಿಟ್ಟೂ ಇಲ್ಲದೆ ದುಃಖವೂ ಇಲ್ಲದೆ ಹೇಳಿದಳು: ‘ನೀವು ಕೆಂಪ ಮಾಡಿದ ದಿನ ನಮ್ಮ ಹಳ್ಳ ಕೆಂಪ, ಹಸರ ಮಾಡಿದ ದಿನ ಹಸರ. ಪ್ಯಾಟ್ಯಾಗ ಈ ವರ್ಷ ಯಾವ ಸೀರಿ ನಡದೈತಿ ಅಂತ ನಿಮ್ಮಕಿಂತ ಮೊದಲ ನಮಗ ಗೊತ್ತಾಗತೈತ್ರಿ.’

ವೈನಿ ಸೊಪ್ಪು ತಗೊಂಡರು. ಮರುದಿನ ಬೆಳಗ್ಗೆ ನನ್ನ ಸ್ಕೂಟರಿನ ಹಿಂದೆ ಕೂತು, ‘ನಡೀರಿ, ಆ ಊರಿಗೆ ಹೋಗಿ ಬರೂನು’ ಎಂದರು. ಹೋದೆವು. ಅವತ್ತು ಹಳ್ಳದಲ್ಲಿ ಹರಿಯುತ್ತಿದ್ದದ್ದು ಕಡು ನೀಲಿ, ದಂಡೆಯ ಕಲ್ಲುಗಳೆಲ್ಲ ನೀಲಿ ಗೆರೆ ಎಳೆದಂತೆ. ವೈನಿ ನೋಡುತ್ತ ನಿಂತರು. ಆ ವಾರ ಓಣಿಯಲ್ಲಿ ನೀಲಿ ಕಟ್ಟಿದ್ದು ಯಾರು ಯಾರು ಎಂಬುದು ನನಗೂ ಗೊತ್ತಿತ್ತು. ಅವರ ಕೊಪ್ಪರಿಗೆಯೂ ಅದರಲ್ಲಿ ಒಂದು.

ಆ ಊರಿನ ಗುಡಿಯ ಕಟ್ಟೆಗೆ ಮಂದಿಯನ್ನು ಕೂಡಿಸಿದ್ದು ಗಂಗವ್ವನೇ. ಪೇಟೆಯಿಂದ ಯಾರೋ ಹೆಣ್ಣುಮಗಳು ಮಾತಾಡಲು ಬಂದಿದ್ದಾರೆ ಎಂದು ಹೊಲಕ್ಕೆ ಹೊರಟವರೂ ನಿಂತರು. ಒಬ್ಬಿಬ್ಬರು ಮೊಬೈಲು ಎತ್ತಿ ಹಿಡಿದರು. ವೈನಿಗೆ ಭಾಷಣ ಬಾರದು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ತಮ್ಮ ಹೆಸರು, ಓಣಿ, ಬಣ್ಣದ ಮನೆ ಎಲ್ಲ ಹೇಳಿ, ‘ನಿಮ್ಮ ಹಳ್ಳಾ ಹಾಳ ಮಾಡಿದ ಬಣ್ಣದಾಗ ನಂದೂ ಐತಿ. ಏನ ಮಾಡಬೇಕು ಅಂತ ನಿಮ್ಮನ್ನ ಕೇಳಾಕ ಬಂದೀನಿ’ ಎಂದರು.

ಬೈಯಲು ತಯಾರಾಗಿದ್ದವರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಆಮೇಲೆ ಊರಿನ ಹಿರಿಯರೊಬ್ಬರು, ಎಲ್ಲರೂ ಗೌಡಜ್ಜ ಎನ್ನುತ್ತಿದ್ದವರು, ‘ನನ್ನ ಕೂದಲ ಹಣ್ಣಾದವು. ನಂದೈತಿ ಅಂತ ಹೇಳಾಕ ಪ್ಯಾಟಿಂದ ಇಲ್ಲೀತನಾ ಬಂದಾಕಿ ನೀನ ಒಬ್ಬಾಕಿ ನೋಡವಾ. ಕುಂದರು, ಮೊದಲ ಚಾ ಕುಡಿ’ ಎಂದರು.

ಅಲ್ಲಿಂದ ಆ ಊರು, ನಮ್ಮ ಸಂಘ ಎಂದು ಎರಡು ಕಡೆ ಓಡಾಟ ಶುರುವಾಯಿತು. ವೈನಿ ಧಾರವಾಡದಿಂದ ಒಬ್ಬ ಎಂಜಿನಿಯರರನ್ನು ಮಗಳ ಮೂಲಕ ಕರೆಸಿದರು. ಅವರು ನೋಡಿ ಒಂದು ದಾರಿ ಹೇಳಿದರು. ಎಲ್ಲ ಬಣ್ಣದ ಮನೆಗಳ ನೀರನ್ನು ಒಂದೇ ಪೈಪಿನಲ್ಲಿ ಊರ ಹೊರಗಿನ ಹೊಂಡಗಳಿಗೆ ಒಯ್ಯಬೇಕು. ಮೊದಲ ಹೊಂಡದಲ್ಲಿ ಸುಣ್ಣ ಹಾಕಿ ಬಣ್ಣ ಕೆಳಗಿಳಿಸಬೇಕು, ಮುಂದಿನದರಲ್ಲಿ ಉಸುಕು ಮತ್ತು ಇದ್ದಲಿಯಲ್ಲಿ ಸೋಸಬೇಕು. ಆ ನೀರನ್ನು ಹೊಲಕ್ಕೂ ಬಿಡಬಾರದು, ಹಳ್ಳಕ್ಕೂ ಬಿಡಬಾರದು. ಟ್ಯಾಂಕರಿನಲ್ಲಿ ತಿರುಗಿ ಬಣ್ಣದ ಮನೆಗಳಿಗೇ ತಂದು ಬಳಸಬೇಕು. ‘ಕೆಳಗೆ ಕೂತ ರಾಡಿಯನ್ನು ಮಾತ್ರ ತಪ್ಪದೆ ತೆಗೆದು ಸಾಗಿಸಬೇಕು. ಅದೊಂದು ನಿಂತರೆ ಹೊಂಡ ಇದ್ದೂ ಇಲ್ಲದ ಹಾಗೆ’ ಎಂದು ಎಚ್ಚರಿಸಿದರು.

ಹೊಂಡಕ್ಕೆ ಜಾಗ ಆ ಊರಿನ ಗಾಯರಾಣದಲ್ಲಿ, ದನ ಮೇಯುವ ಬಯಲಿನ ಒಂದು ಮೂಲೆಯಲ್ಲಿ, ಬೇಕಾಗಿತ್ತು. ಗೌಡಜ್ಜ ಒಪ್ಪಲಿಲ್ಲ. ‘ಪ್ಯಾಟಿ ಹೊಲಸ ನಮ್ಮ ಗಾಯರಾಣದಾಗ ಯಾಕಬೇ?’ ಎಂದರು.

‘ಅಜ್ಜಾರ, ಹರಿಯೂ ಹೊಲಸ ಯಾರದು ಅಂತ ಯಾರೂ ಕೇಳಂಗಿಲ್ಲ. ಹೊಂಡದಾಗ ಇದ್ರ ನಿಮ್ಮ ಕಣ್ಣಮುಂದ ಇರತೈತಿ. ಕೆಟ್ಟರ ನಮ್ಮನ್ನ ಹಿಡದ ಕೇಳ್ರಿ’ ಎಂದರು ವೈನಿ.

ಸಂಘದಲ್ಲಿ ಅವರ ವಾದ ಬೇರೆ ಇತ್ತು. ಪುಣ್ಯದ ಮಾತು ಅಲ್ಲಿ ನಡೆಯದು ಎಂದು ಅವರಿಗೆ ಗೊತ್ತಿತ್ತು. ‘ಬೋರಿನ ನೀರು ವರ್ಷಾ ಕೆಳಗಿಳದೈತಿ. ಬ್ಯಾಸಿಗ್ಯಾಗ ನಾವೆಲ್ಲಾರೂ ಕೆಲಸಾ ನಿಂದ್ರಸ್ತೇವಿ. ಬಳಸಿದ ನೀರ ತಿರುಗಿ ಬಂದ್ರ ಬ್ಯಾಸಿಗ್ಯಾಗೂ ಕೊಪ್ಪರಿಗಿ ಕುದಿತಾವು’ ಎಂದರು. ಇದು ಅಧ್ಯಕ್ಷರಿಗೂ ನಾಟಿತು. ದೊಡ್ಡ ಶಹರಗಳಿಂದ ಬರುವ ಗಿರಾಕಿಗಳು ಬಣ್ಣದ ನೀರು ಎಲ್ಲಿಗೆ ಬಿಡುತ್ತೀರಿ ಎಂದು ಆಗಲೇ ಕೇಳತೊಡಗಿದ್ದರು. ಪೈಪು, ಸುಣ್ಣ, ಟ್ಯಾಂಕರು, ರಾಡಿ ಸಾಗಿಸುವ ಲಾರಿ ಎಲ್ಲ ಸಂಘದ್ದು. ಜಾಗ, ಹೊಂಡ ತೋಡುವ ದುಡಿಮೆ, ಕಾವಲು ಊರಿನದು ಎಂದು ಬಾಯಿಮಾತಿನಲ್ಲೇ ಒಪ್ಪಂದವಾಯಿತು.

ಆ ಹೊಂಡ ಪೂರ್ತಿಯಾದ ದಿನ ನನಗೆ ಚೆನ್ನಾಗಿ ನೆನಪಿದೆ. ಬಣ್ಣದ ಮನೆಯ ಆಳುಗಳೂ ಆ ಊರಿನ ಹೆಣ್ಣುಮಕ್ಕಳೂ ಏರಿಯ ಮೇಲೆ ಸಾಲಾಗಿ ಕೂತು ಖಡಕ್ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹಿಂಡಿ ಉಂಡರು. ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುತ್ತಿದ್ದವು. ಅಧ್ಯಕ್ಷರು ಶಹರದಿಂದ ಫೋಟೋ ತೆಗೆಯುವವರನ್ನು ಕರೆಸಿದ್ದರು. ಹೊಂಡದ ಮುಂದೆ ಸಲಿಕೆ ಹಿಡಿದು ತಾವೇ ನಿಂತರು. ನನ್ನ ಹೆಂಡತಿ ವೈನಿಯನ್ನು ಮುಂದೆ ನೂಕಿದಳು. ಅವರು ಹಿಂದೆ ಸರಿದರು. ‘ಫೋಟೋದಾಗ ಅವರ ಇರಲಿ ತಂಗಿ. ಫೋಟೋದಾಗ ಇದ್ರ ನಾಳಿ ಬಿಟ್ಟ ಹೋಗಾಕ ನಾಚಿಕಿ ಬರತೈತಿ.’

ವೈನಿ ಮನುಷ್ಯರನ್ನು ತಪ್ಪಾಗಿ ಅಳೆದದ್ದು ಅಲ್ಲಿ ಮಾತ್ರ. ನಾಚಿಕೆ ಎಲ್ಲರಿಗೂ ಇರುತ್ತದೆ ಎಂದುಕೊಂಡರು.

ಮೊದಲ ವರ್ಷಗಳು ಸರಿಯಾಗಿಯೇ ನಡೆದವು. ಹಳ್ಳ ನಿಧಾನವಾಗಿ ತಿಳಿಯಾಯಿತು. ಗಂಗವ್ವ ಮತ್ತೆ ಎಮ್ಮೆ ಕಟ್ಟಿದಳು, ಸಂತೆಗೆ ಮೊಸರು ಬಂತು. ಬೇಸಿಗೆಯಲ್ಲಿ ನಮ್ಮ ಓಣಿಯ ಕೊಪ್ಪರಿಗೆಗಳು ನಿಲ್ಲಲಿಲ್ಲ. ಅಧ್ಯಕ್ಷರ ಅಂಗಡಿಯ ಮೇಲೆ ‘ಹಳ್ಳ ಕಾಯುವ ಸೀರೆ’ ಎಂಬ ಬೋರ್ಡು ಏರಿತು. ಅದನ್ನು ಅಚ್ಚು ಹಾಕಿದವನು ನಾನೇ. ದೂರದೂರದ ಗಿರಾಕಿಗಳು ಬಂದರು, ಸೀರೆಯ ಬೆಲೆಯೂ ಏರಿತು. ವೈನಿ ಮಾತ್ರ ದಿನ ಬಿಟ್ಟು ದಿನ ಹೊಂಡದ ಕಡೆ ಹೋಗಿ ಬರುತ್ತಿದ್ದರು. ಲಾರಿ ಬರುವುದು ತಡವಾದರೆ ಅಧ್ಯಕ್ಷರ ಅಂಗಡಿಗೇ ಹೋಗಿ ಗಾದಿಯ ಅಂಚಿಗೆ ಕೂತುಬಿಡುತ್ತಿದ್ದರು. ಗಿರಾಕಿಗಳ ಎದುರಿಗೆ ಆ ದೊಡ್ಡ ದನಿಯಲ್ಲಿ, ‘ಸಾಹುಕಾರ್ರ, ರಾಡಿ ತುಂಬೇತಿ’ ಎನ್ನುತ್ತಿದ್ದರು. ಅಧ್ಯಕ್ಷರು ಕೂಡಲೆ ಫೋನು ಎತ್ತುತ್ತಿದ್ದರು.

ಹೆಸರು ಬಂದ ಮೇಲೆ ಸಂಘಕ್ಕೆ ಹೊಂಡದ ಅಗತ್ಯ ಕಡಿಮೆಯಾಯಿತು. ಹೊಂಡ ನೋಡಲು ಬರುವ ಗಿರಾಕಿ ಒಮ್ಮೆ ನೋಡುತ್ತಾನೆ, ಫೋಟೋ ತೆಗೆದುಕೊಳ್ಳುತ್ತಾನೆ, ತಿರುಗಿ ಬರುವುದಿಲ್ಲ. ಲಾರಿಯ ಸರದಿ ಮೊದಲು ತಡವಾಯಿತು, ಆಮೇಲೆ ತಪ್ಪಿತು. ಸುಣ್ಣ ಅರ್ಧಕ್ಕೆ ಬಂತು. ಮಳೆಗಾಲದಲ್ಲಿ ಕೆಲವರು ಪೈಪಿಗೆ ನೀರು ಬಿಡದೆ ಗಟಾರಕ್ಕೇ ಬಿಟ್ಟರು. ಹಳ್ಳ ತುಂಬಿ ಹರಿಯುವಾಗ ಯಾರಿಗೆ ಗೊತ್ತಾಗುತ್ತದೆ ಎಂಬ ಧೈರ್ಯ. ವೈನಿ ಮನೆಮನೆಗೆ ಹೋಗಿ ಜಗಳಾಡಿದರು. ಒಂದು ಸಭೆಯಲ್ಲಿ ನಾನೂ ಎದ್ದು ಹೇಳಿದೆ. ‘ನೀವು ಬಣ್ಣದವರಲ್ಲ, ಅಚ್ಚಿನವರು. ಕುಂದರ್ರಿ’ ಎಂದರು ಸಂಘದವರು. ಸಂಘದ ಅಚ್ಚಿನ ಕೆಲಸ ಅಂದಿನಿಂದ ನನಗೆ ಬರಲಿಲ್ಲ.

ಕಡೆಗೆ ವೈನಿ ತಮ್ಮ ಕೆಲಸವನ್ನೇ ಅರ್ಧ ಮಾಡಿದರು. ತಮ್ಮ ಪಾಲಿನ ರಾಡಿಯನ್ನು ತಾವೇ ಟ್ರ್ಯಾಕ್ಟರು ಹೇಳಿಸಿ ಸಾಗಿಸಿದರು. ಒಬ್ಬರು ತೆಗೆದರೆ ಎಷ್ಟು ತೆಗೆದಾರು? ಆ ವರ್ಷ ಹಿಂಗಾರಿನ ದೊಡ್ಡ ಮಳೆಗೆ ಮೊದಲ ಹೊಂಡದ ಏರಿ ಒಡೆಯಿತು. ವರ್ಷದ ರಾಡಿಯೆಲ್ಲ ಗಾಯರಾಣದ ತುಂಬ ಹರಡಿ ಹಳ್ಳಕ್ಕೆ ಇಳಿಯಿತು. ಆ ಹುಲ್ಲು ಮೇಯ್ದ ದನಗಳು ಬಾಯಲ್ಲಿ ನೊರೆ ಬಿಟ್ಟು ಬಿದ್ದವು. ಗಂಗವ್ವನ ಎಮ್ಮೆ ಗಬ್ಬದ್ದು. ಅದೂ ಹೋಯಿತು.

ಊರವರು ಸಿಟ್ಟಿಗೇಳದೆ ಇರುತ್ತಾರೆಯೇ? ಮೇಲಿನಿಂದ ಅಧಿಕಾರಿಗಳು ಬಂದರು. ಗುಡಿಯ ಕಟ್ಟೆಯ ಮೇಲೆಯೇ ವಿಚಾರಣೆ. ಬಣ್ಣದ ನೀರು ಯಾರದು ಎಂದು ಅಧಿಕಾರಿ ಕೇಳಿದರು. ಊರವರು ಮುಖ ಮುಖ ನೋಡಿಕೊಂಡರು. ಓಣಿಯಲ್ಲಿ ಬಣ್ಣದ ಮನೆಗಳೇನು ಕಡಿಮೆಯೇ? ಆದರೆ ಹಿತ್ತಲಲ್ಲಿ ಬೋರ್ಡಿಲ್ಲದೆ ನಡೆಯುವ ಕೊಪ್ಪರಿಗೆಗಳ ಒಡೆಯರ ಹೆಸರು ಆ ಊರಿನವರಿಗೆ ಎಲ್ಲಿಂದ ಗೊತ್ತಿರಬೇಕು? ಅವರಲ್ಲಿಗೆ ಬಂದು ತಮ್ಮ ಹೆಸರು ಹೇಳಿದವರು ಒಬ್ಬರೇ. ಗುಂಪಿನಿಂದ ಒಂದು ಹೆಣ್ಣುದನಿ ಆ ಹೆಸರು ಹೇಳಿತು, ಯಾರೋ ಮೊಬೈಲು ತೆಗೆದು ಹಳೆಯ ವಿಡಿಯೋ ಹಚ್ಚಿದರು. ಅದರಲ್ಲಿ ವೈನಿ ಸೆರಗು ಸರಿಮಾಡಿಕೊಂಡು ಹೆಸರು, ಓಣಿ ಎಲ್ಲ ಹೇಳಿ, ‘ಹಾಳ ಮಾಡಿದ ಬಣ್ಣದಾಗ ನಂದೂ ಐತಿ’ ಎನ್ನುವುದಿತ್ತು. ‘ಏನ ಮಾಡಬೇಕು ಅಂತ ಕೇಳಾಕ ಬಂದೀನಿ’ ಎನ್ನುವುದಕ್ಕೆ ಮೊದಲೇ ವಿಡಿಯೋ ತುಂಡಾಗಿತ್ತು.

ಅಧಿಕಾರಿ ಅಧ್ಯಕ್ಷರನ್ನು ಕೇಳಿದರು. ಅಧ್ಯಕ್ಷರು ಸಾವಕಾಶ ಹೇಳಿದರು: ‘ಹೊಂಡದ ಉಸ್ತುವಾರಿ ಅವರದ ಇತ್ತು ಸಾಹೇಬರ. ದಿನಾ ಹೋಗಿ ನೋಡಿ ಬರತಿದ್ರು. ನಾವು ಅವರನ್ನ ನಂಬಿದ್ವಿ.’

ನಾನು ಅಲ್ಲಿಯೇ ಇದ್ದೆ. ‘ಸಾಹೇಬರ, ಲಾರಿ ಯಾರ ನಿಂದ್ರಸಿದ್ರು ಕೇಳ್ರಿ’ ಎಂದೆ. ನೀವು ಯಾರು ಎಂದು ಕೇಳಿದರು. ಹೇಳಿದೆ. ನಿಮಗೂ ಇದಕ್ಕೂ ಸಂಬಂಧವಿಲ್ಲ ಎಂದರು. ವೈನಿ ಅಧ್ಯಕ್ಷರ ಮುಖವನ್ನೇ ನೋಡುತ್ತ ನಿಂತಿದ್ದರು. ಅವರ ಆ ದೊಡ್ಡ ದನಿ ಅವತ್ತು ಎಲ್ಲಿ ಹೋಯಿತೋ.

ಬಣ್ಣದ ಮನೆಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿದ ದಿನ ಗಂಗವ್ವ ಬಂದಿದ್ದಳು. ಓಣಿಯ ಆಚೆ ಬದಿಗೆ ತುಸು ಹೊತ್ತು ನಿಂತಿದ್ದು, ಮಂದಿ ಕರಗಿದ ಮೇಲೆ ಹತ್ತಿರ ಬಂದಳು.

‘ಅಕ್ಕಾರ, ನಿಮ್ಮ ಹೆಸರ ಹೇಳಿದಾಕಿ ನಾನ. ನಮಗ ಬ್ಯಾರೇದವರ ಹೆಸರ ಗೊತ್ತಿಲ್ರಿ.’

‘ಖರೇ ಹೇಳಿದಿ ಬಿಡವಾ’ ಎಂದರು ವೈನಿ. ‘ಎಮ್ಮಿ ಎಷ್ಟ ತಿಂಗಳದ್ದ ಇತ್ತು?’

ಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡು ಹೊರಟುಹೋದಳು. ಆಮೇಲೆ ಅವಳು ನಮ್ಮ ಓಣಿಗೆ ಬರಲಿಲ್ಲ.

ಬೀಗ ಬಿದ್ದದ್ದು ಒಂದೇ ಮನೆಗೆ. ವೈನಿಯ ಆಳುಗಳಿಗೆ ಉಳಿದ ಬಣ್ಣದ ಮನೆಗಳಲ್ಲಿ ಕೆಲಸ ಸಿಕ್ಕಿತು, ಅವರ ಗಿರಾಕಿಗಳು ಅಧ್ಯಕ್ಷರಿಗೆ ಸಿಕ್ಕರು. ಸರ್ಕಾರಕ್ಕೆ ಒಂದು ಕ್ರಮ ಕೈಗೊಂಡ ಸಮಾಧಾನ, ಊರವರಿಗೆ ತಪ್ಪಿತಸ್ಥರು ಸಿಕ್ಕ ಸಮಾಧಾನ. ‘ಹಳ್ಳ ಕಾಯುವ ಸೀರೆ’ ಬೋರ್ಡು ಹಾಗೆಯೇ ಇತ್ತು, ಬಿಸಿಲಿಗೆ ಮಾಸಿದಾಗ ಅಧ್ಯಕ್ಷರು ಬೇರೆಯವರ ಕಡೆಯಿಂದ ಹೊಸದು ಮಾಡಿಸಿದರು. ಒಡೆದ ಏರಿಯನ್ನು ಯಾರೂ ಕಟ್ಟಲಿಲ್ಲ.

ಕೋರ್ಟು ಕಚೇರಿ ಎಂದು ವೈನಿ ಹೋಗಲಿಲ್ಲ. ಮಗಳನ್ನು ನರಗುಂದಕ್ಕೆ ಕೊಟ್ಟಿದ್ದರು. ಅಳಿಯ ಬಂದು ಕರೆದುಕೊಂಡು ಹೋದ. ಗಂಟುಮೂಟೆ ಕಟ್ಟುವಾಗ ನನ್ನ ಹೆಂಡತಿ ಸಿಟ್ಟಿನಿಂದ ಅತ್ತಳು. ‘ನಾ ಹೇಳಿರಲಿಲ್ಲೇನ್ರಿ ವೈನಿ? ಒಪ್ಪಿಕೊಂಡವರನ್ನ ಅಷ್ಟ ಹಿಡೀತಾರ.’

‘ಹೇಳಿದ್ದಿ ತಂಗಿ. ಆದ್ರ ಆ ಹಳ್ಳ ಒಂದೆರಡ ವರ್ಷ ತಿಳಿ ಆಗಿತ್ತಲ್ಲ, ಅದು ಹ್ಯಾಂಗ ಆತು ಹೇಳ?’ ಎಂದರು. ನನಗೆ ಇವತ್ತಿಗೂ ಆ ಪ್ರಶ್ನೆಯಿಂದ ಸಮಾಧಾನವಾಗುವುದಿಲ್ಲ. ಆಗುತ್ತದೆ ಎಂದು ತೋರಿಸಿದ ಮೇಲೆ ಕೆಡಿಸಿದರಲ್ಲ, ಅದು ಮೊದಲಿನದಕ್ಕಿಂತ ದೊಡ್ಡ ಪಾಪ.

ನರಗುಂದದಲ್ಲಿ ಅವರನ್ನು ನೋಡಲು ಆಗಾಗ ಹೋಗುತ್ತಿದ್ದೆ. ಗುಡ್ಡದ ಬದಿಯ ಮನೆ. ಮಗಳು ಚೆನ್ನಾಗಿ ನೋಡಿಕೊಂಡಳು. ಆದರೂ ವೈನಿ ಸಣ್ಣಗಾಗುತ್ತ ಹೋದರು. ಅಲ್ಲಿ ಮಗ್ಗದ ಸದ್ದಿಲ್ಲ. ಸುತ್ತಲೂ ಎರೆಹೊಲ, ಕಡಲೆ, ಜೋಳ. ಅಷ್ಟು ಮೆತ್ತಗೆ ಮಾತಾಡುವುದನ್ನು ಎಲ್ಲಿ ಕಲಿತರೋ, ನಾನು ಬಗ್ಗಿ ಕೇಳಬೇಕಾಗುತ್ತಿತ್ತು. ಕಡೆಯ ಸಲ ಹೋದಾಗ, ‘ನನ್ನ ಒಂದ ಸಲ ಆ ಹಳ್ಳಕ್ಕ ಕರಕೊಂಡ ಹೋಗ್ರಿ’ ಎಂದರು. ಮಗಳು ಬೇಡವೆಂದಳು. ಅವರು ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದರು.

ರೋಣದಲ್ಲಿ ಬಸ್ಸು ಬದಲಿಸಿ, ಕೊನೆಗೆ ಒಂದು ಆಟೋ ಹಿಡಿದು ಹೋದೆವು. ಹಳ್ಳ ಬತ್ತುವ ದಿನಗಳು. ನಡುವೆ ಸಣ್ಣ ಧಾರೆ, ಬಣ್ಣ ಮಾತ್ರ ದಟ್ಟ ಕೆಂಪು. ಧಾರೆಗೆ ನಾಲ್ಕು ಮಾರು ದೂರದಲ್ಲಿ ಹರೆಯದ ಒಬ್ಬ ಹೆಣ್ಣುಮಗಳು ಉಸುಕಿನಲ್ಲಿ ವರ್ತಿ ತೋಡಿಕೊಂಡು, ಅದರಲ್ಲಿ ಜಿನುಗಿದ ನೀರನ್ನು ಬಟ್ಟಲಿನಿಂದ ಎತ್ತಿ, ಬಟ್ಟೆಯಲ್ಲಿ ಸೋಸಿ ಕೊಡಕ್ಕೆ ತುಂಬುತ್ತಿದ್ದಳು. ವೈನಿ ಬಗ್ಗಿ ಕೆಂಪು ನೀರಿಗೆ ಕೈ ಹಾಕಲು ಹೋದರು.

‘ಅಮ್ಮಾರ, ಮುಟ್ಟಬ್ಯಾಡ್ರಿ’ ಎಂದಳು ಆಕೆ. ‘ತುರಿಕಿ ಏಳತೈತಿ. ಪ್ಯಾಟ್ಯಾಗ ಯಾರೋ ಒಬ್ಬಾಕಿ ಬಣ್ಣದ ಮನಿ ಇಟ್ಟು ಹೊಲಸ ಮಾಡ್ಯಾಳಂತ.’

ವೈನಿ ಕೈ ಹಿಂದೆ ತೆಗೆದರು. ‘ಯಾರವಾ ಆಕಿ?’

‘ಹೆಸರ ಗೊತ್ತಿಲ್ರಿ. ನಾ ಈ ಊರಿಗೆ ಬಂದ ಭಾಳ ದಿನಾ ಆಗಿಲ್ಲ. ನಮ್ಮತ್ತಿ ಹೇಳತಾರ. ಆಕಿನ ಬಂದು ಒಪ್ಪಿಕೊಂಡಿದ್ಲಂತ.’

ನನಗೆ ತಡೆಯಲಾಗಲಿಲ್ಲ. ‘ಆಕಿ ಬಣ್ಣದ ಮನಿ ಮುಚ್ಚಿ ವರ್ಷಗಟ್ಟಲೆ ಆತಲ್ಲ. ಇವತ್ತಿನ ಈ ಕೆಂಪ ಯಾರದು ಹಂಗಾರ?’ ಎಂದೆ.

ಆಕೆ ಬಟ್ಟಲು ನಿಲ್ಲಿಸಿ ಧಾರೆಯ ಕಡೆ ನೋಡಿದಳು. ‘ಯಾರಿಗೆ ಗೊತ್ತರಿ? ಆಕಿದ ಇರಬೇಕು.’

ನಾನು ಮತ್ತೆ ಬಾಯಿ ತೆರೆದೆ. ವೈನಿ ನನ್ನ ಮುಂಗೈ ಹಿಡಿದರು. ಅಷ್ಟು ಸಣ್ಣಗಾದ ಕೈಯಲ್ಲಿ ಅಷ್ಟು ಬಿಗಿ ಇತ್ತು. ಇಬ್ಬರೂ ಆಟೋದ ಕಡೆ ನಡೆದೆವು. ‘ಇಷ್ಟು ಬಣ್ಣ ನೀರಿಗೆ ಬಿಟ್ಟಾರ. ನೂಲಿಗೆ ಏನ ಹತ್ತಿರತೈತಿ?’ ಎಂದರು, ಅಷ್ಟೇ.

ರೋಣದ ಬಸ್ ನಿಲ್ದಾಣದಲ್ಲಿ ನರಗುಂದದ ಬಸ್ಸು ಹತ್ತಿ ಕೂತ ಮೇಲೆ ಒಮ್ಮೆಲೆ ಎದ್ದರು. ‘ಆ ಹುಡುಗಿಗೆ ಹೇಳೂದ ಮರತೆ ನೋಡ್ರಿ. ಆ ನೀರು ಸೋಸಿದ್ರೂ ಅಷ್ಟ, ಕಾಸಿದ್ರೂ ಅಷ್ಟ. ಕಾಸಿದ್ರ ಇನ್ನಷ್ಟ ಗಟ್ಟಿ ಆಗತೈತಿ. ಕುಡೀಬ್ಯಾಡ ಅನಬೇಕಿತ್ತು. ಇಳೀರಿ, ಹೋಗೂನು.’ ಬಸ್ಸು ಆಗಲೇ ಹೊರಟಿತ್ತು. ನಾನು ಹೋಗಿ ಹೇಳುತ್ತೇನೆ ಎಂದು ಮಾತು ಕೊಟ್ಟ ಮೇಲೆಯೇ ಕೂತರು. ನರಗುಂದ ಮುಟ್ಟುವವರೆಗೆ ಅದನ್ನೇ ಮತ್ತೆ ಮತ್ತೆ ಹೇಳಿಸಿದರು.

ಕೊಟ್ಟ ಮಾತಿನಂತೆ ಹೋದೆ. ಆಕೆ ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ವರ್ತಿಯ ಮುಂದೆ ಕೂತಿದ್ದಳು. ನೀರಿನ ಸಂಗತಿ ಹೇಳಿದೆ. ‘ಬ್ಯಾಡಂದ್ರ ಬ್ಯಾರೇ ಎಲ್ಲೈತ್ರಿ? ನಳ ಬಂದ್ರ ಬಂತು, ಇಲ್ಲಂದ್ರ ಇಲ್ಲ’ ಎಂದಳು. ಆಮೇಲೆ, ‘ಇದನ್ನ ಹೇಳಾಕ ಅಷ್ಟ ದೂರಿಂದ ಬಂದ್ರ್ಯಾ? ಯಾರ ಹೇಳಿ ಕಳಿಸಿದ್ರು?’ ಎಂದು ಕೇಳಿದಳು.

ವೈನಿಯ ಹೆಸರು ಹೇಳಿದೆ.

‘ಅವರ ಯಾರ್ರಿ?’ ಎಂದಳು.

ನಾನು ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಮೊದಲಿನಿಂದ ಹೇಳತೊಡಗಿದೆ. ಕೊಡ ತುಂಬುವವರೆಗೆ ಕೇಳಿದಳು.